ಪೆಪ್ಪರಮೆಂಟು ಡಬ್ಬಿಗೊಂದು ಬೀರು: ದಾವಣಗೆರೆಯಲ್ಲಿ ಪುಟ್ಟ ಮಿಠಾಯಿ ಸಂಗ್ರಹಾಲಯ ಕಟ್ಟುವ ಬಗೆ

ದಾವಣಗೆರೆಯ ಹಳೇ ಮನೆಗಳ ಅಟ್ಟ ಹುಡುಕಿದರೆ ಸಕ್ಕರೆ ಆರತಿಯ ಮರದ ಅಚ್ಚು ಸಿಗುತ್ತದೆ. ಸೂಜಿ, ದಾರ, ಗುಂಡಿ ತುಂಬಿಟ್ಟ ಚಾಕೊಲೇಟು ಡಬ್ಬಿ ಎಷ್ಟೋ ಮನೆಗಳಲ್ಲಿದೆ. ಕಾಯಿಪೇಟೆ, ಚೌಕಿಪೇಟೆ, ಮಂಡಿಪೇಟೆ ಕಡೆಯ ಹಳೇ ಕಿರಾಣಿ ಅಂಗಡಿಗಳಲ್ಲಿ ಪೆಪ್ಪರಮೆಂಟು ತುಂಬುತ್ತಿದ್ದ ಗಾಜಿನ ಬಾಟಲಿಗಳು ಮೇಲಿನ ಹಲಗೆಯಲ್ಲಿ ಧೂಳು ಹಿಡಿದು ಕೂತಿರುತ್ತವೆ. ಇವನ್ನು ಒಂದೆಡೆ ಸೇರಿಸಿ, ಹೆಸರು ಮತ್ತು ಕಾಲ ಬರೆದು, ಓಣಿಯ ಮಕ್ಕಳು ಬಂದು ನೋಡುವಂತೆ ಇಡಲು ದೊಡ್ಡ ಕಟ್ಟಡ ಬೇಕಿಲ್ಲ. ಗಾಜಿನ ಬಾಗಿಲಿನ ಒಂದು ಬೀರು, ಹತ್ತಡಿ ಉದ್ದಗಲದ ಒಂದು ಕೋಣೆ, ಒಂದು ರಿಜಿಸ್ಟರು ಇದ್ದರೆ ಶುರು ಮಾಡಬಹುದು. ಶಾಲೆಯ ಗ್ರಂಥಾಲಯದ ಮೂಲೆಯೂ ಆದೀತು.

ಅಮೆರಿಕದ ಕ್ಯಾಲಿಫೋರ್ನಿಯಾದ ಬರ್ಲಿಂಗೇಮ್ ಎಂಬ ಪೇಟೆಯಲ್ಲಿ ಪೆಜ್ ಎಂಬ ಬೊಂಬೆತಲೆಯ ಮಿಠಾಯಿ ಡಬ್ಬಿಗಳ ಸಂಗ್ರಹಾಲಯ ಒಂದಿತ್ತು. ಕಂಪ್ಯೂಟರ್ ಅಂಗಡಿಯೊಂದರ ಕಪಾಟಿನಲ್ಲಿ ಜೋಡಿಸಿಟ್ಟ ಡಬ್ಬಿಗಳನ್ನು ನೋಡಲೆಂದೇ ಜನ ಬರತೊಡಗಿದರು, ಅದೇ 1995ರಲ್ಲಿ ಸಂಗ್ರಹಾಲಯವಾಯಿತು, 2019ರವರೆಗೆ ನಡೆಯಿತು. ಜಾಗ ಚಿಕ್ಕದಿದ್ದರೂ ಒಂದೇ ಬಗೆಯ ವಸ್ತುವನ್ನು ಪಟ್ಟು ಹಿಡಿದು ಕೂಡಿಸಿದರೆ ನೋಡುಗರು ಬಂದೇ ಬರುತ್ತಾರೆ.

ಏನು ಇಡಬೇಕು, ಏನು ಬೇಡ

ಮಿಠಾಯಿಯನ್ನು ಇಡಬೇಡಿ. ಮಿಠಾಯಿಯ ಸುತ್ತ ಇದ್ದದ್ದನ್ನು ಇಡಿ. ಇದೊಂದು ನಿಯಮ ಪಾಲಿಸಿದರೆ ಮುಂದಿನ ತೊಂದರೆಗಳಲ್ಲಿ ಮುಕ್ಕಾಲು ಪಾಲು ಬರುವುದೇ ಇಲ್ಲ. ಗಟ್ಟಿ ಪೆಪ್ಪರಮೆಂಟು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಮಳೆ ಹಿಡಿದ ಮೇಲೆ ಅದರ ಮೈ ಅಂಟಾಗಿ ಕಾಗದಕ್ಕೆ ಹತ್ತಿಕೊಳ್ಳುತ್ತದೆ, ಹಿಂದೆಯೇ ಇರುವೆ ಸಾಲು ಬರುತ್ತದೆ. ಚಾಕೊಲೇಟು ಅಷ್ಟು ದಿನವೂ ತಡೆಯುವುದಿಲ್ಲ. ಕೋಕೋ ಬೆಣ್ಣೆ 34 ಡಿಗ್ರಿ ಆಸುಪಾಸಿನಲ್ಲಿ ಕರಗುತ್ತದೆ, ನಮ್ಮ ಏಪ್ರಿಲ್ ಮಧ್ಯಾಹ್ನ ಅದನ್ನು ಸುಲಭವಾಗಿ ದಾಟುತ್ತದೆ. ಜಿಡ್ಡು ಒಮ್ಮೆ ಕಾಗದದೊಳಗೆ ಇಳಿದರೆ ಅದನ್ನು ತೆಗೆಯಲು ಮನೆಯಲ್ಲಿ ಮಾಡಬಹುದಾದ ಉಪಾಯವಿಲ್ಲ.

ಹಾಗಾದರೆ ಕೂಡಿಸಬೇಕಾದ್ದು ಏನು? ಮಿಠಾಯಿ ಸುತ್ತುವ ಕಾಗದ ಮತ್ತು ಬೇಗಡೆ, ತಗಡಿನ ಡಬ್ಬಿ, ರಟ್ಟಿನ ಪೆಟ್ಟಿಗೆ, ಅಂಗಡಿಯ ಗಾಜಿನ ಬಾಟಲಿ, ಮಿಠಾಯಿಯೊಳಗೆ ಬರುತ್ತಿದ್ದ ಚಿತ್ರ ಮತ್ತು ಸ್ಟಿಕರು, ಅಂಗಡಿಯಲ್ಲಿ ತೂಗುಹಾಕುತ್ತಿದ್ದ ಜಾಹೀರಾತಿನ ತಗಡು, ಚಿಕ್ಕ ತಕ್ಕಡಿ ಮತ್ತು ಕಲ್ಲು, ಕಮರಕಟ್ಟು ಒಡೆಯುವ ಸುತ್ತಿಗೆ, ಸಕ್ಕರೆ ಅಚ್ಚು. ಫ್ಯಾಂಟಮ್ ಸಿಗರೇಟು ಮಿಠಾಯಿಯ ಪುಟ್ಟ ರಟ್ಟಿನ ಪೆಟ್ಟಿಗೆ ಸಿಕ್ಕರೆ ಬಿಡಬೇಡಿ. ಖಾಲಿಯಾದ ಕೂಡಲೇ ಎಸೆಯುತ್ತಿದ್ದ ವಸ್ತುವಾದ್ದರಿಂದ ಚೆನ್ನಾಗಿ ಉಳಿದದ್ದು ಸಿಗುವುದು ಕಷ್ಟ.

ಬೊಂಬೆ ಮಿಠಾಯಿಯವರ ಕೋಲಿನ ವಿಷಯದಲ್ಲಿ ಒಂದು ಮಾತು. ತುದಿಯಲ್ಲಿ ಚಪ್ಪಾಳೆ ತಟ್ಟುವ ಬೊಂಬೆ, ಕೆಳಗೆ ಕೋಲಿಗೆ ಸುತ್ತಿದ ಗುಲಾಬಿ ಬಣ್ಣದ ಪಾಕ, ಅದನ್ನು ಎಳೆದು ಮಕ್ಕಳ ಕೈಗೆ ವಾಚು ಕಟ್ಟುವ ಕೈಚಳಕ ನೋಡಿದವರಿಗೆ ಆ ಕೋಲೇ ಬೇಕೆನಿಸುತ್ತದೆ. ಆದರೆ ಅದು ಇನ್ನೂ ದುಡಿಯುತ್ತಿರುವ ಸಾಮಾನು, ಒಬ್ಬರ ಅನ್ನ. ಅದನ್ನು ಕೇಳಬೇಡಿ. ಅವರ ಒಪ್ಪಿಗೆ ಪಡೆದು, ಪಾಕ ಎಳೆಯುವುದರಿಂದ ವಾಚು ಆಗುವವರೆಗಿನ ವಿಡಿಯೊ ಮಾಡಿ, ಕೋಲಿನ ಅಳತೆ ಬರೆದುಕೊಳ್ಳಿ, ಸಮಯಕ್ಕೆ ತಕ್ಕ ಹಣ ಕೊಡಿ. ಸಂಗ್ರಹಾಲಯಕ್ಕೆ ಕೋಲಿಗಿಂತ ಆ ವಿಡಿಯೊವೇ ಹೆಚ್ಚು ಬೆಲೆಯದ್ದು.

ತುಂಬಿದ ಪೊಟ್ಟಣವೇ ಸಿಕ್ಕಿದರೆ, ಅದರ ತಳದ ಅಂಟನ್ನು ತೆಳ್ಳಗಿನ ಸ್ಟೀಲು ಪಟ್ಟಿಯಿಂದ ಬಿಡಿಸಿ ಒಳಗಿನದನ್ನು ತೆಗೆಯಿರಿ. ಮುಂಭಾಗ ಮುಟ್ಟಬೇಡಿ. ಒಳಗೆ ಅದೇ ಅಳತೆಗೆ ಕತ್ತರಿಸಿದ ಥರ್ಮಾಕೋಲ್ ತುಂಡನ್ನು ಬಟರ್ ಪೇಪರಿನಲ್ಲಿ ಸುತ್ತಿಡಿ, ಉಂಡೆ ಮಿಠಾಯಿಯಾದರೆ ಗಾಜಿನ ಗೋಲಿ ಹಾಕಿ. ಹೀಗೆ ಬದಲಿಸಿದ್ದನ್ನು ರಿಜಿಸ್ಟರಿನಲ್ಲಿ ಬರೆಯಲೇಬೇಕು.

ಹುಡುಕಲು ಸರಿಯಾದ ಕಾಲ

ದೀಪಾವಳಿಗೆ ಮುಂಚಿನ ಎರಡು ವಾರ ಬಹಳ ಮುಖ್ಯ. ಲಕ್ಷ್ಮೀಪೂಜೆಗೆ ಅಂಗಡಿ ತೊಳೆದು ಬಣ್ಣ ಬಳಿಯುವಾಗ ಅಟ್ಟದ ಮೇಲಿದ್ದದ್ದೆಲ್ಲ ಕೆಳಗಿಳಿಯುತ್ತದೆ, ಬೇಡವಾದದ್ದು ಮರುದಿನವೇ ಗುಜರಿಗೆ ಹೋಗುತ್ತದೆ. ಯುಗಾದಿಯ ಮುಂಚೆ ಮನೆಗಳ ಸರದಿ. ಮೊದಲೇ ಹೋಗಿ, ಏನಾದರೂ ಕೊಂಡು, ವ್ಯಾಪಾರದ ಗದ್ದಲವಿಲ್ಲದ ಮಧ್ಯಾಹ್ನದ ಹೊತ್ತಿನಲ್ಲಿ "ಸಾಹುಕಾರ್ರೇ, ಅಟ್ಟದ ಮ್ಯಾಲೆ ಹಳೇ ಪೆಪ್ಪರಮೆಂಟು ಡಬ್ಬಿ, ಬಾಟ್ಲಿ ಏನಾರ ಐತೇನ್ರಿ? ಒಗೆಯೋ ಮುಂಚೆ ನಮಗೊಂದು ಮಾತು ಹೇಳ್ರಿ" ಎಂದು ಹೇಳಿ ಫೋನ್ ನಂಬರು ಕೊಟ್ಟು ಬನ್ನಿ. ಚಿತ್ರದುರ್ಗದವರು ಲಕ್ಷ್ಮೀಬಜಾರಿನ ಹಳೇ ಅಂಗಡಿಗಳಲ್ಲಿ ಹೀಗೇ ಕೇಳಬಹುದು. ಹಳೇ ಪೇಪರ್ ಅಂಗಡಿಯವರಿಗೂ ಹೇಳಿಡಿ. ತಗಡು ಒತ್ತಿ ಚಪ್ಪಟೆ ಮಾಡುವ ಮುಂಚೆ ಒಂದು ಡಬ್ಬಿ ತೆಗೆದಿಟ್ಟರೆ ಗುಜರಿ ದರಕ್ಕಿಂತ ಹೆಚ್ಚು ಕೊಡುತ್ತೇವೆ ಎಂದರೆ ಅವರೇ ನೆನಪಿಟ್ಟು ಕರೆಯುತ್ತಾರೆ.

ವಸ್ತು ಕೈಗೆ ಬಂದ ದಿನವೇ ಐದು ಪ್ರಶ್ನೆ ಕೇಳಿ: ಎಲ್ಲಿಂದ ತರಿಸುತ್ತಿದ್ದಿರಿ, ಯಾವ ಕಾಲದಲ್ಲಿ, ಐದು ಪೈಸೆಗೆ ಎಷ್ಟು ಬರುತ್ತಿತ್ತು, ಯಾರು ಹೆಚ್ಚಾಗಿ ಕೊಳ್ಳುತ್ತಿದ್ದರು, ಯಾವಾಗ ನಿಂತಿತು. ಒಪ್ಪಿದರೆ ಫೋನಿನಲ್ಲಿ ಧ್ವನಿ ಮುದ್ರಿಸಿಕೊಳ್ಳಿ. ಡಬ್ಬಿ ಮುಂದಿನ ವರ್ಷವೂ ಸಿಕ್ಕೀತು, ಎಂಬತ್ತು ದಾಟಿದ ಅಂಗಡಿಯಜ್ಜನ ನೆನಪು ಸಿಗಲಿಕ್ಕಿಲ್ಲ.

ಕಾಗದ ಬಿಡಿಸುವುದು

ಹೆಚ್ಚು ವಸ್ತು ಹಾಳಾಗುವುದು ಇಲ್ಲಿಯೇ. ಮಿಠಾಯಿ ಕಾಗದಗಳೆಲ್ಲ ಒಂದೇ ಜಾತಿಯಲ್ಲ. ಮೊದಲು ಯಾವುದು ಎಂದು ಗುರುತಿಸಿ, ಆಮೇಲೆ ಕೈ ಹಚ್ಚಿ.

ಮೇಣದ ಕಾಗದ ಮಂಕಾಗಿರುತ್ತದೆ, ಉಗುರಿನಿಂದ ಮೂಲೆಯಲ್ಲಿ ಮೆಲ್ಲಗೆ ಗೀರಿದರೆ ಬಿಳಿ ಗೆರೆ ಮೂಡುತ್ತದೆ. ಸೆಲೋಫೇನ್ ಗಾಜಿನಂತೆ ಪಾರದರ್ಶಕ, ಮಡಿಸಿದರೆ ಮಡಿಕೆ ಹಾಗೇ ನಿಲ್ಲುತ್ತದೆ, ಅಂಚಿನಲ್ಲಿ ಸಣ್ಣ ಸೀಳು ಬಿದ್ದರೆ ಕೊನೆಯವರೆಗೂ ಹರಿಯುತ್ತದೆ. ಈಚಿನ ಪ್ಲಾಸ್ಟಿಕ್ ಕಾಗದ ಹಿಡಿದೆಳೆದರೆ ಸ್ವಲ್ಪ ಹಿಗ್ಗುತ್ತದೆ, ಮಡಿಸಿ ಬಿಟ್ಟರೆ ತಾನೇ ಬಿಚ್ಚಿಕೊಳ್ಳುತ್ತದೆ. ಬೇಗಡೆಗೆ ಹಿಂದೆ ತೆಳು ಕಾಗದ ಅಂಟಿಸಿರುವುದೂ ಉಂಟು, ಇಲ್ಲದಿರುವುದೂ ಉಂಟು.

ನೀರು ಮುಟ್ಟಿಸಬಹುದಾದದ್ದು ಪ್ಲಾಸ್ಟಿಕ್ ಕಾಗದಕ್ಕೆ ಮಾತ್ರ. ಉಗುರುಬೆಚ್ಚಗಿನ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ, ಐದು ನಿಮಿಷ ನೆನೆಸಿ, ಬೆರಳಿನಿಂದ ಸವರಿ, ಶುದ್ಧ ನೀರಿನಲ್ಲಿ ಎರಡು ಸಲ ಅದ್ದಿ, ಹಳೇ ಹತ್ತಿ ಸೀರೆಯ ತುಂಡಿನ ಮೇಲೆ ಹರಡಿ. ಸೆಲೋಫೇನಿಗೆ ಇದನ್ನೇ ಮಾಡಿದರೆ ಅದು ನೀರು ಕುಡಿದು ಮೆತ್ತಗಾಗಿ, ಒಣಗುವಾಗ ಮುದುಡಿ ಚಿಕ್ಕದಾಗುತ್ತದೆ. ಅದನ್ನು ಮತ್ತೆ ನೆಟ್ಟಗೆ ಮಾಡಲು ಬರುವುದಿಲ್ಲ.

ಸೆಲೋಫೇನ್ ಬಿಡಿಸಲು ಮಳೆಗಾಲವೇ ಸರಿ. ಏಪ್ರಿಲ್‌ನ ಒಣ ಹವೆಯಲ್ಲಿ ಅದು ಪಟಪಟನೆ ಒಡೆಯುತ್ತದೆ, ಜುಲೈ-ಆಗಸ್ಟ್‌ನ ತೇವದಲ್ಲಿ ತಾನೇ ಮೆದುವಾಗಿರುತ್ತದೆ. ಬೇಸಿಗೆಯಲ್ಲೇ ಸಿಕ್ಕಿದರೆ ಮಡಿಕೆ ಸಮೇತ ಡಬ್ಬಿಯಲ್ಲಿಟ್ಟು ಕಾಯಿರಿ. ಕಾಯಲಾಗದಿದ್ದರೆ ಮುಚ್ಚಳವಿರುವ ದೊಡ್ಡ ಸ್ಟೀಲು ಡಬ್ಬಿಯ ತಳದಲ್ಲಿ ಒದ್ದೆ ಸ್ಪಂಜು, ಅದರ ಮೇಲೆ ಜಾಲರಿ, ಜಾಲರಿಯ ಮೇಲೆ ಕಾಗದ ಇಟ್ಟು ಮುಚ್ಚಿ. ಎರಡು ಮೂರು ತಾಸಿನಲ್ಲಿ ಮೆದುವಾಗುತ್ತದೆ. ರಾತ್ರಿಯಿಡೀ ಬಿಟ್ಟರೆ ಬೂಷ್ಟು ಬರುತ್ತದೆ, ಶಾಯಿಯೂ ಹರಡುತ್ತದೆ.

ಬೇಗಡೆಯನ್ನು ಉಗುರಿನಿಂದ ನೇರವಾಗಿ ಉಜ್ಜಬೇಡಿ. ಬಣ್ಣದ ಪದರ ಎದ್ದು ಹೋಗುತ್ತದೆ. ಗಾಜಿನ ಮೇಲೆ ಬಣ್ಣದ ಕಡೆ ಕೆಳಗಾಗಿ ಇಟ್ಟು, ಮೇಲೆ ಬಟರ್ ಪೇಪರು ಹಾಕಿ, ಹತ್ತಿಯ ಉಂಡೆಯಿಂದ ನಡುವಿನಿಂದ ಅಂಚಿನ ಕಡೆಗೆ ಸವರಿ. ಇಸ್ತ್ರಿ ಪೆಟ್ಟಿಗೆಯನ್ನು ಯಾವ ಕಾಗದಕ್ಕೂ ತಾಗಿಸಬಾರದು. ಮೇಣ ಕರಗುತ್ತದೆ, ಪ್ಲಾಸ್ಟಿಕ್ ಮುದುಡುತ್ತದೆ.

ಬಿಡಿಸಿದ ಕಾಗದವನ್ನು ಲ್ಯಾಮಿನೇಟ್ ಮಾಡಿಸಿದರೆ ಅದು ಶಾಶ್ವತವಾಗಿ ಹೋದಂತೆಯೇ, ಒಳಗಿನ ಅಂಟು ಬಿಡಿಸಲು ಬರುವುದಿಲ್ಲ. ಸೆಲೋಟೇಪು ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಕಲೆ ಬಿಡುತ್ತದೆ. ರಬ್ಬರ್ ಬ್ಯಾಂಡು ಬೇಸಿಗೆಯಲ್ಲಿ ಕರಗಿ ಹತ್ತಿಕೊಳ್ಳುತ್ತದೆ. ವಾಸನೆ ಬರುವ ಮೆತ್ತನೆಯ ಪಿವಿಸಿ ಕವರುಗಳಿಂದ ಎಣ್ಣೆಯಂಥ ಪದಾರ್ಥ ಹೊರಬಂದು ಶಾಯಿಯನ್ನು ಎಳೆದುಕೊಳ್ಳುತ್ತದೆ. ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಕವರು ತೆಗೆದುಕೊಳ್ಳಿ, ಒಳಗೆ ಹತ್ತಿಯಿಂದ ಮಾಡಿದ ಹ್ಯಾಂಡ್‌ಮೇಡ್ ಕಾಗದದ ಹಾಳೆ ಇಟ್ಟು, ಫೋಟೊ ಆಲ್ಬಮ್ಮಿನ ಮೂಲೆಪಟ್ಟಿಗಳಲ್ಲಿ ಸಿಕ್ಕಿಸಿ.

ಡಬ್ಬಿ, ಬಾಟಲಿ, ಅಚ್ಚು

ತಗಡಿನ ಡಬ್ಬಿಯನ್ನು ಹುಣಸೆಹಣ್ಣು, ನಿಂಬೆರಸ ಹಚ್ಚಿ ತಿಕ್ಕುವುದು ನಮ್ಮಲ್ಲಿ ಆಗುವ ದೊಡ್ಡ ಅನಾಹುತ. ಹಿತ್ತಾಳೆಗೆ ಒಳ್ಳೆಯದಾದ ಹುಳಿ ತಗಡಿನ ತೆಳು ತವರದ ಲೇಪವನ್ನೂ ಮೇಲಿನ ಮುದ್ರಣವನ್ನೂ ತಿಂದುಹಾಕುತ್ತದೆ. ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆದು, ಹಿಂಡಿದ ಹತ್ತಿಯಿಂದ ಅಂಗೈಯಗಲ ಜಾಗ ಒರೆಸಿ, ತಕ್ಷಣ ಒಣ ಬಟ್ಟೆಯಿಂದ ಒರೆಸಿ, ಆಮೇಲೆ ಮುಂದಿನ ಜಾಗಕ್ಕೆ ಹೋಗಿ. ಹತ್ತಿಗೆ ಕೆಂಪೋ ನೀಲಿಯೋ ಹತ್ತಿದರೆ ಅಲ್ಲಿಗೇ ನಿಲ್ಲಿಸಿ. ಒಳಗಿನ ತುಕ್ಕಿಗೆ ಅತಿ ನಯವಾದ ಸ್ಟೀಲ್ ವೂಲ್ ಮತ್ತು ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ. ಹೊರಮೈಗೆ ಅದು ಬೇಡವೇ ಬೇಡ. ತುಕ್ಕು ಕೂಡ ಆ ಡಬ್ಬಿಯ ಚರಿತ್ರೆ, ಅದು ಹಬ್ಬದಂತೆ ತಡೆದರೆ ಸಾಕು.

ಬಾಟಲಿಯ ತಳದ ಹಳೇ ಸಕ್ಕರೆಗೆ ಬೆಚ್ಚಗಿನ ನೀರು ತುಂಬಿ ರಾತ್ರಿಯಿಡೀ ಬಿಡಿ. ಕುದಿನೀರು ಹಾಕಿದರೆ ದಪ್ಪ ಗಾಜು ಸೀಳುತ್ತದೆ. ಹೊರಗೆ ಕಾಗದದ ಚೀಟಿ ಅಂಟಿದ್ದರೆ ಅದನ್ನು ಉಳಿಸಿಕೊಂಡು ಒಳಗಷ್ಟೇ ತೊಳೆಯಿರಿ.

ಇನ್ನು ಸಕ್ಕರೆ ಅಚ್ಚು. ತೇರು, ಆನೆ, ನವಿಲು, ಬಸವ, ಮಂಟಪ, ತುಳಸಿಕಟ್ಟೆ ಹೀಗೆ ಆಕಾರಗಳು ಹಲವು. ಎರಡು ಅಥವಾ ಮೂರು ತುಂಡು ಸೇರಿ ಒಂದು ಅಚ್ಚು. ಒಂದು ತುಂಡಿನ ಗೂಟ ಇನ್ನೊಂದರ ತೂತಿಗೆ ಕೂರುತ್ತದೆ. ಮನೆಗಳಲ್ಲಿ ಬೇರೆ ಬೇರೆ ಅಚ್ಚಿನ ತುಂಡುಗಳು ಬೆರೆತುಹೋಗಿರುವುದು ಸಾಮಾನ್ಯ, ಆದ್ದರಿಂದ ಮೊದಲು ಜೋಡಿ ಹೊಂದಿಸಿ. ತುಂಡುಗಳ ಅಂಚಿನಲ್ಲಿ ಬಡಗಿ ಹಾಕಿದ ಒಂದು ಗೀರು, ಎರಡು ಗೀರು, ಕತ್ತರಿ ಗುರುತುಗಳಿದ್ದರೆ ಅವೇ ಜೋಡಿಯ ಲೆಕ್ಕ. ಬೆಳಕಿಗೆ ಓರೆಯಾಗಿ ಹಿಡಿದು ನೋಡಿ, ಕೊರೆತದ ಸಂದಿನಲ್ಲಿ ಮಸುಕು ಬಿಳಿ ಹರಳು ಕಂಡರೆ ಅದು ಹಿಂದಿನ ಹಬ್ಬದ ಸಕ್ಕರೆ. ಬಿದಿರಿನ ಕಡ್ಡಿಯಿಂದ ಮೆಲ್ಲಗೆ ಎಬ್ಬಿಸಿ, ಉಳಿದದ್ದನ್ನು ಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದು, ನೆರಳಲ್ಲಿ ನಾಲ್ಕು ದಿನ ಒಣಗಿಸಿ. ಬಿಸಿಲಿಗಿಟ್ಟರೆ ಮರ ಸೊಟ್ಟಗಾಗಿ ತುಂಡುಗಳು ಕೂಡುವುದಿಲ್ಲ.

ಸೂಜಿಮೊನೆಯಷ್ಟು ತೂತು, ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಹುಳ ಬಿದ್ದಿದೆ. ಪೂರ್ತಿ ಒಣಗಿದ ಅಚ್ಚನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಹಿಂಡಿ ಕಟ್ಟಿ, ಮೈನಸ್ 18 ಡಿಗ್ರಿಯ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡಿ. ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬಾರದು. ಬಿಚ್ಚಿದರೆ ತಣ್ಣಗಿನ ಮರದ ಮೇಲೆ ನೀರು ಕೂರುತ್ತದೆ.

ಕಾಲ ಗುರುತಿಸುವ ಸೂಚನೆಗಳು

ಮಿಠಾಯಿ ಕಾಗದದಲ್ಲಿ ವರ್ಷ ಅಚ್ಚಾಗಿರುವುದು ಅಪರೂಪ, ಆದರೆ ಸುಳಿವುಗಳು ತುಂಬಾ ಇರುತ್ತವೆ. ಭೂತಗನ್ನಡಿ ಹಿಡಿದು ಸಣ್ಣ ಅಕ್ಷರಗಳನ್ನೇ ಓದಬೇಕು.

ಬೆಲೆ ‘ನಯೇ ಪೈಸೆ’ಯಲ್ಲಿದ್ದರೆ 1957ರಿಂದ 1964ರ ಆಸುಪಾಸಿನದು. ವಿಳಾಸದಲ್ಲಿ ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರಿಗೆ ಮೊದಲು. ಆರು ಅಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ ನಂತರದ್ದು. ‘ಎಲ್ಲ ತೆರಿಗೆ ಸೇರಿ ಗರಿಷ್ಠ ಮಾರಾಟ ಬೆಲೆ’ ಎಂಬ ಸಾಲು 1990ರ ನಂತರ ಬಂತು, ಅದಕ್ಕೆ ಮೊದಲು ‘ಸ್ಥಳೀಯ ತೆರಿಗೆ ಪ್ರತ್ಯೇಕ’ ಎಂಬರ್ಥದ ಸಾಲು ಇರುತ್ತಿತ್ತು. ಚೌಕದೊಳಗಿನ ಹಸಿರು ಚುಕ್ಕೆ 2001ರಿಂದ. ರೂಪಾಯಿಯ ಈಗಿನ ಚಿಹ್ನೆ 2010ರ ಜುಲೈ ನಂತರ. 14 ಅಂಕಿಯ ಆಹಾರ ಪರವಾನಗಿ ಸಂಖ್ಯೆ 2011ರ ನಂತರ.

ನಮ್ಮ ಜಿಲ್ಲೆಗೇ ಸೇರಿದ ಒಳ್ಳೆಯ ಸುಳಿವು ಒಂದಿದೆ. ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು. ಊರಲ್ಲೇ ತಯಾರಾದ ಕಡಲೆ ಮಿಠಾಯಿಯ, ಕಮರಕಟ್ಟಿನ ಚೀಟಿಯಲ್ಲಿ ‘ದಾವಣಗೆರೆ, ಚಿತ್ರದುರ್ಗ ಜಿಲ್ಲೆ’ ಎಂದಿದ್ದರೆ ಅದು ಅದಕ್ಕಿಂತ ಹಿಂದಿನದು. ಇಂಥ ಚೀಟಿಗಳನ್ನು ದೊಡ್ಡ ಕಂಪನಿಯ ಕಾಗದಕ್ಕಿಂತ ಜೋಪಾನ ಮಾಡಿ. ಪಾರ್ಲೆ ಕಾಗದ ದೇಶದ ಯಾವ ಮೂಲೆಯಲ್ಲೂ ಸಿಕ್ಕೀತು, ನಮ್ಮೂರ ಬಟ್ಟಿಯ ಚೀಟಿ ನಮ್ಮೂರಲ್ಲೇ ಸಿಗಬೇಕು.

ಒಂದು ಎಚ್ಚರ. ನಿಯಮ ಬದಲಾದ ದಿನವೇ ಕಾಗದ ಬದಲಾಗುವುದಿಲ್ಲ. ಅಚ್ಚು ಹಾಕಿಸಿಟ್ಟದ್ದು ಮುಗಿಯುವವರೆಗೆ ಸಣ್ಣ ತಯಾರಕರು ಹಳೆಯದನ್ನೇ ಬಳಸುತ್ತಾರೆ. ಹಾಗಾಗಿ ಒಂದು ಸುಳಿವಿಗೆ ಜೋತುಬೀಳದೆ ಎರಡು ಮೂರು ಸುಳಿವು ಕೂಡಿಸಿ, ‘1972–1990ರ ನಡುವೆ’ ಎಂಬಂತೆ ಅವಧಿ ಬರೆಯಿರಿ.

ಕಂಪನಿಗಳ ಚರಿತ್ರೆಯೂ ನೆರವಾಗುತ್ತದೆ. ಪಾರ್ಲೆ 1929ರಲ್ಲಿ ಮುಂಬೈನ ವಿಲೇಪಾರ್ಲೆಯಲ್ಲಿ ಶುರುವಾಯಿತು, ಕಿಸ್ಮಿ 1963ರಲ್ಲಿ, ಮೆಲೊಡಿ 1983ರಲ್ಲಿ ಬಂದವು. ಆಂಧ್ರದ ಚಿತ್ತೂರಿನ ನ್ಯೂಟ್ರಿನ್ 1952ರದ್ದು. ಅದರ ಕಾಗದದಲ್ಲಿ ಗೋದ್ರೆಜ್ ಹೆಸರು ಸೇರಿದ್ದರೆ 2006ರ ನಂತರದ್ದು. ಮಹಾರಾಷ್ಟ್ರದ ರಾವಲ್‌ಗಾಂವ್ ಸಕ್ಕರೆ ಕಾರ್ಖಾನೆಯ ಪಾನ್ ಪಸಂದ್, ಮ್ಯಾಂಗೊ ಮೂಡ್ ಮೊದಲಾದ ಹೆಸರುಗಳನ್ನು 2024ರಲ್ಲಿ ರಿಲಯನ್ಸ್ ಕೊಂಡುಕೊಂಡಿತು. ಹಾಗಾಗಿ ಹಳೇ ವಿಳಾಸದ ಕಾಗದಗಳನ್ನು ಈಗಲೇ ತೆಗೆದಿಡುವುದು ಒಳ್ಳೆಯದು. ಪುತ್ತೂರಿನ ಕ್ಯಾಂಪ್ಕೊ ಚಾಕೊಲೇಟು ಕಾರ್ಖಾನೆ 1986ರಲ್ಲಿ ಆರಂಭವಾದದ್ದು. ಕರ್ನಾಟಕದ ಸಂಗ್ರಹಕ್ಕೆ ಅದರ ಕಾಗದಗಳ ಸಾಲು ಇರಲೇಬೇಕು.

ವಿದೇಶದಿಂದ ಬಂದವರು ತಂದ ಕ್ವಾಲಿಟಿ ಸ್ಟ್ರೀಟ್ ಡಬ್ಬಿಯಲ್ಲಿ ಕಂಪನಿ ಹೆಸರು ನೋಡಿ. ಆ ಮಿಠಾಯಿ ಇಂಗ್ಲೆಂಡಿನ ಹ್ಯಾಲಿಫ್ಯಾಕ್ಸಿನಲ್ಲಿ 1936ರಲ್ಲಿ ಹುಟ್ಟಿದ್ದು. ರೌಂಟ್ರಿ ಮ್ಯಾಕಿಂಟಾಶ್ ಎಂದಿದ್ದರೆ 1969ರ ವಿಲೀನದ ನಂತರ, ನೆಸ್ಲೆ ಎಂದಿದ್ದರೆ 1988ರ ನಂತರ.

ಪೆಜ್ ಡಬ್ಬಿಯೂ ಹೀಗೇ ಬರುತ್ತದೆ, ಮೊಮ್ಮಕ್ಕಳ ಸಾಮಾನಿನೊಳಗೆ. ಬೊಂಬೆಯ ತಲೆ ಹಿಂದಕ್ಕೆ ಬಾಗಿಸಿದರೆ ಕತ್ತಿನಿಂದ ಒಂದು ಗುಳಿಗೆ ಹೊರಬರುವ ಡಬ್ಬಿ ಅದು, ಒಂದು ಸಲಕ್ಕೆ 12 ಗುಳಿಗೆ ಹಿಡಿಯುತ್ತದೆ. 1927ರಲ್ಲಿ ವಿಯೆನ್ನಾದಲ್ಲಿ ಪೆಪ್ಪರಮೆಂಟು ಗುಳಿಗೆಯಾಗಿ ಶುರುವಾಗಿ, 1949ರಲ್ಲಿ ಲೈಟರಿನ ಆಕಾರದ ಡಬ್ಬಿ ಪಡೆಯಿತು. ಬೊಂಬೆಯ ತಲೆ ಬಂದದ್ದು ಆಮೇಲೆ. ಬುಡದಲ್ಲಿ ಪಾದ ಇಲ್ಲದಿದ್ದರೆ ಸಾಮಾನ್ಯವಾಗಿ 1987ಕ್ಕಿಂತ ಹಿಂದಿನದು, ಆದರೆ ಪಾದ ಕತ್ತರಿಸಿ ಹಳೆಯದೆಂದು ಮಾರುವವರೂ ಇದ್ದಾರೆ. ಬುಡದ ಅಂಚು ಒರಟಾಗಿದೆಯೇ ಎಂದು ಬೆರಳಿನಿಂದ ಸವರಿ ನೋಡಿ. ಮೈಮೇಲಿನ ಪೇಟೆಂಟ್ ಸಂಖ್ಯೆ 3,942,683 ಆಗಿದ್ದರೆ 1976ರ ನಂತರದ್ದು, 4,966,305 ಆಗಿದ್ದರೆ 1990ರ ನಂತರದ್ದು. ತಲೆ ಎಳೆದು ಬಿಚ್ಚಲು ಹೋಗಬೇಡಿ, ಕತ್ತಿನ ಪ್ಲಾಸ್ಟಿಕ್ ಮುರಿಯುತ್ತದೆ. ಮಕ್ಕಳ ಮನೆಗೆ ಅಮೆರಿಕಕ್ಕೆ ಹೋಗುವವರು ಕನೆಕ್ಟಿಕಟ್ ರಾಜ್ಯದ ಆರೆಂಜ್ ಎಂಬ ಊರಿನಲ್ಲಿ ಕಂಪನಿಯೇ 2011ರಲ್ಲಿ ತೆರೆದ ಪ್ರದರ್ಶನಾಲಯವನ್ನು ನೋಡಿ ಬರಬಹುದು. ಡಬ್ಬಿಗಳನ್ನು ಕಾಲದ ಸಾಲಿನಲ್ಲಿ ಹೇಗೆ ನಿಲ್ಲಿಸುತ್ತಾರೆ ಎಂಬುದನ್ನು ಗಮನಿಸಿ.

ಬೀರು ಮತ್ತು ಕೋಣೆ

ಹೊಸ ಪ್ಲೈವುಡ್ ಬೀರು ಮಾಡಿಸುವುದಕ್ಕಿಂತ ಗಾಜಿನ ಬಾಗಿಲಿನ ಹಳೇ ಸ್ಟೀಲು ಬೀರು ಮೇಲು. ಹೊಸ ಪ್ಲೈವುಡ್, ಅಂಟು, ಪಾಲಿಶ್‌ಗಳಿಂದ ಹೊರಡುವ ಆವಿ ಮುಚ್ಚಿದ ಜಾಗದಲ್ಲಿ ತುಂಬಿಕೊಂಡು ತಗಡನ್ನು ತುಕ್ಕು ಹಿಡಿಸುತ್ತದೆ, ಕಾಗದವನ್ನು ಹಳದಿ ಮಾಡುತ್ತದೆ. ಬೀರು ಗೋಡೆಯಿಂದ ನಾಲ್ಕು ಇಂಚು, ನೆಲದಿಂದ ಆರು ಇಂಚು ದೂರವಿರಲಿ. ಗೆದ್ದಲು ಮತ್ತು ಗೋಡೆಯ ತೇವ ಎರಡಕ್ಕೂ ಅದೇ ಮದ್ದು. ಕಾಲುಗಳ ಕೆಳಗೆ ನೀರಿನ ಬಟ್ಟಲು ಇಡುವ ಅಡುಗೆಮನೆಯ ಪದ್ಧತಿ ಇಲ್ಲಿ ಬೇಡ, ಅದರಿಂದ ಬೀರಿನ ಸುತ್ತ ತೇವ ಹೆಚ್ಚುತ್ತದೆ. ಒಳಗೆ ಸಕ್ಕರೆಯೇ ಇಲ್ಲದಿದ್ದರೆ ಇರುವೆ ಏಕೆ ಬಂದೀತು? ಬಂದರೆ ಯಾವುದೋ ಡಬ್ಬಿಯ ಮೂಲೆಯಲ್ಲಿ ಸಕ್ಕರೆ ಉಳಿದಿದೆ ಎಂದರ್ಥ, ಅದನ್ನು ಹುಡುಕಿ. ನುಸಿಗುಳಿಗೆ ಹಾಕಬೇಡಿ, ಅದರ ಆವಿ ಕೆಲವು ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡಿ ಅಂಟಿಸಿಬಿಡುತ್ತದೆ.

ತೇವ ಅಳೆಯುವ ಚಿಕ್ಕ ಮೀಟರು ಒಂದನ್ನು ಬೀರಿನೊಳಗೆ ಇಡಿ. ಶೇ 45ರಿಂದ 55ರೊಳಗೆ ಇದ್ದರೆ ಎಲ್ಲ ಬಗೆಯ ವಸ್ತುವಿಗೂ ಹಿತ. ಮಳೆಗಾಲದಲ್ಲಿ ಪ್ರತಿ ತಟ್ಟೆಗೆ 200 ಗ್ರಾಂ ಸಿಲಿಕಾ ಜೆಲ್ ಬಟ್ಟೆಚೀಲದಲ್ಲಿಡಿ. ಕಿತ್ತಳೆಯಿಂದ ಹಸಿರಿಗೆ ತಿರುಗುವ ಬಗೆಯನ್ನೇ ಕೊಳ್ಳಿ, ನೀಲಿಯದರಲ್ಲಿ ಕೋಬಾಲ್ಟ್ ಇರುತ್ತದೆ, ಮಕ್ಕಳಿರುವ ಜಾಗಕ್ಕೆ ಅದು ತಕ್ಕದ್ದಲ್ಲ. ಹಸಿರಾದದ್ದನ್ನು ಚೀಲದಿಂದ ತೆಗೆದು ಓವನ್ನಿನಲ್ಲಿ 110 ಡಿಗ್ರಿಗೆ ಎರಡು ತಾಸು ಒಣಗಿಸಿದರೆ ಮತ್ತೆ ಬಳಸಬಹುದು. ಮಾರ್ಚಿನಲ್ಲಿ ಚೀಲಗಳನ್ನು ತೆಗೆದುಬಿಡಿ, ಇಲ್ಲವಾದರೆ ಒಣಹವೆಗೆ ಇನ್ನಷ್ಟು ಒಣಗಿ ಮರದ ಅಚ್ಚು ಬಿರುಕು ಬಿಡುತ್ತದೆ.

ಬಿಸಿಲು ಬೀರಿನ ಮೇಲೆ ಬೀಳಲೇಬಾರದು. ಕೆಂಪು, ಗುಲಾಬಿ, ಹಳದಿ ಮೊದಲು ಮಾಸುತ್ತವೆ, ಮಿಠಾಯಿ ಕಾಗದದಲ್ಲಿ ಇರುವುದೂ ಅವೇ. ಕಾಗದಗಳನ್ನು ಮೂರು ತಿಂಗಳು ತೋರಿಸಿ, ಆಮೇಲೆ ಕತ್ತಲ ಪೆಟ್ಟಿಗೆಗೆ ಸೇರಿಸಿ ಬೇರೆಯವನ್ನು ಹೊರತೆಗೆಯಿರಿ.

ಎಷ್ಟೇ ವಸ್ತು ಇದ್ದರೂ ಒಮ್ಮೆಗೆ 60 ದಾಟಿಸಬೇಡಿ. ನೆಲದಿಂದ ಮೂರರಿಂದ ನಾಲ್ಕಡಿ ಎತ್ತರದ ತಟ್ಟೆ ಮಕ್ಕಳ ಕಣ್ಣಿಗೆ ಸರಿಯಾದದ್ದು, ಅಲ್ಲಿ ಅಚ್ಚು, ಚಿತ್ರದ ಡಬ್ಬಿಗಳು ಇರಲಿ. ಕಾಗದಗಳಿಗೆ ಮೇಲಿನ ತಟ್ಟೆ, ಭಾರದ ಬಾಟಲಿ ಮತ್ತು ತಕ್ಕಡಿಗೆ ಕೆಳಗಿನದು.

ರಿಜಿಸ್ಟರು, ಚೀಟಿ

ವಸ್ತುವಿಗೆ ಸಂಖ್ಯೆ ಕೊಡುವಾಗ ವರ್ಷ, ಚುಕ್ಕೆ, ಕ್ರಮಾಂಕ ಬರೆಯಿರಿ: 2025.14 ಎಂದರೆ ಆ ವರ್ಷ ಬಂದ ಹದಿನಾಲ್ಕನೆಯದು. ರಿಜಿಸ್ಟರಿನಲ್ಲಿ ಹೆಸರು, ಅಳತೆ, ಏನಿಂದ ಮಾಡಿದ್ದು, ಯಾರಿಂದ ಬಂತು, ದಾನವೋ ಎರವಲೋ, ಸ್ಥಿತಿ, ಮಾಡಿದ ಶುಚಿ, ಫೋಟೊ ಸಂಖ್ಯೆ ಇಷ್ಟೂ ಇರಬೇಕು. ‘ಎರವಲು’ ಎಂಬುದನ್ನು ಬರೆಯದೆ ಬಿಟ್ಟರೆ ಮುಂದೆ ಅಣ್ಣತಮ್ಮಂದಿರ ನಡುವೆ ಮನಸ್ತಾಪಕ್ಕೆ ಕಾರಣವಾಗುತ್ತದೆ, ಅದಕ್ಕೆ ಕೊಟ್ಟವರ ಸಹಿ ಇರುವ ರಸೀದಿಯ ಒಂದು ಪ್ರತಿ ಅವರಿಗೆ, ಒಂದು ನಿಮಗೆ. ವಸ್ತುವಿನ ಮೇಲೆ ಪೆನ್ನಿನಲ್ಲಿ ಬರೆಯಬಾರದು, ಕಾಗದಕ್ಕಾದರೆ ಹಿಂದೆ ಮೂಲೆಯಲ್ಲಿ ಮೆತ್ತನೆಯ ಪೆನ್ಸಿಲು, ಉಳಿದವಕ್ಕೆ ಬಿಳಿ ದಾರದಲ್ಲಿ ಕಟ್ಟಿದ ಚೀಟಿ.

ತೋರಿಸುವ ಚೀಟಿ 30 ಪದ ಮೀರದಿರಲಿ, ಅಕ್ಷರ ಒಂದೂವರೆ ಅಡಿ ದೂರದಿಂದ ಓದುವಂತಿರಲಿ. ‘ಪುರಾತನ ಸುಂದರ ಡಬ್ಬಿ’ ಎಂಬ ಬಣ್ಣನೆ ಬೇಡ. ‘ಕಡಲೆ ಮಿಠಾಯಿಯ ಚೀಟಿ. ದಾವಣಗೆರೆ, 1972–1990ರ ನಡುವೆ. ಚಿತ್ರದುರ್ಗ ಜಿಲ್ಲೆ ಎಂದು ಅಚ್ಚಾಗಿರುವುದನ್ನು ನೋಡಿ’ ಎಂದರೆ ಮಗು ಗಾಜಿಗೆ ಮೂಗು ಒತ್ತಿ ಆ ಸಾಲು ಹುಡುಕುತ್ತದೆ. ಚಿತ್ರದುರ್ಗದ ರಂಗಯ್ಯನ ಬಾಗಿಲಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಒಮ್ಮೆ ಹೋಗಿ, ಯಾವ ಚೀಟಿಯ ಮುಂದೆ ಜನ ನಿಲ್ಲುತ್ತಾರೆ, ಯಾವುದನ್ನು ಓದದೇ ಮುಂದೆ ಹೋಗುತ್ತಾರೆ ಎಂದು ಅರ್ಧ ತಾಸು ನಿಂತು ನೋಡಿ.

ನೋಡುಗರು ಬಂದಾಗ

ಹತ್ತಡಿ ಕೋಣೆಗೆ ಒಮ್ಮೆಗೆ ಎಂಟು ಮಕ್ಕಳು, 25 ನಿಮಿಷ. ಶಾಲೆಯಿಂದ 40 ಮಕ್ಕಳು ಬಂದರೆ ಐದು ಗುಂಪು ಮಾಡಿ, ಉಳಿದವರಿಗೆ ಹೊರಗೆ ಕೆಲಸ ಕೊಡಿ: ಒಂದು ಹಾಳೆಯಲ್ಲಿ ಮನೆಯ ಅಜ್ಜ ಅಜ್ಜಿಯರು ಹೇಳಿದ ಮಿಠಾಯಿ ಹೆಸರುಗಳನ್ನು ಬರೆಯಲಿ. ಆ ಹಾಳೆಗಳಿಂದಲೇ ನಿಮಗೆ ಮುಂದೆ ಯಾವ ಮನೆಯ ಬಾಗಿಲು ತಟ್ಟಬೇಕು ಎಂಬುದು ತಿಳಿಯುತ್ತದೆ. ಒಳಗೆ ತಿನ್ನುವುದು ಇಲ್ಲ ಎಂಬುದನ್ನು ಬಾಗಿಲಲ್ಲೇ ಹೇಳಿ, ಹೋಗುವಾಗ ಹೊರಜಗುಲಿಯಲ್ಲಿ ಎಲ್ಲರಿಗೂ ಒಂದೊಂದು ಶುಂಠಿ ಪೆಪ್ಪರಮೆಂಟು ಕೊಡಿ. ಮಿಠಾಯಿ ವಸ್ತುಗಳನ್ನು ನೋಡಿದ ಮಗುವನ್ನು ಬಾಯಿ ಸಿಹಿ ಮಾಡದೆ ಕಳಿಸಬಾರದು. ಮುಟ್ಟಿ ನೋಡಲು ನಕಲಿ ಅಚ್ಚು ಒಂದು, ಹೊಸ ಡಬ್ಬಿ ಎರಡು ಮೇಜಿನ ಮೇಲಿರಲಿ. ಮುಟ್ಟಲು ಏನೂ ಸಿಗದಿದ್ದರೆ ಮಕ್ಕಳು ಬೀರಿನ ಬಾಗಿಲನ್ನೇ ಎಳೆಯುತ್ತಾರೆ.

ಸಂಕ್ರಾಂತಿ ಅಥವಾ ಕಾರ್ತಿಕದ ಗೌರಿ ಹುಣ್ಣಿಮೆಯ ಹಿಂದಿನ ದಿನ ಅಚ್ಚು ಹೊಯ್ಯುವುದನ್ನು ತೋರಿಸಿದರೆ ದೊಡ್ಡವರೂ ಬರುತ್ತಾರೆ. ಸಂಗ್ರಹದ ಹಳೇ ಅಚ್ಚನ್ನು ಇದಕ್ಕೆ ಬಳಸಬೇಡಿ, ಹೊಸದು ತನ್ನಿ. ಅಚ್ಚನ್ನು ನಾಲ್ಕು ತಾಸು ನೀರಿನಲ್ಲಿ ನೆನೆಸಿ, ಒರೆಸಿ, ಜೋಡಿಸಿ ಬಿಗಿಯಾಗಿ ಕಟ್ಟಿ. ಮರ ನೀರು ಕುಡಿದಿದ್ದರೆ ಪಾಕ ಹತ್ತಿಕೊಳ್ಳುವುದಿಲ್ಲ. ಒಂದು ಕಿಲೊ ಸಕ್ಕರೆಗೆ ಕಾಲು ಲೀಟರು ನೀರು ಹಾಕಿ ಕುದಿಸಿ, ಎರಡು ಚಮಚ ಹಾಲು ಬಿಟ್ಟಾಗ ಮೇಲೆ ಬರುವ ಕೊಳೆಯನ್ನು ತೆಗೆದು ಬಟ್ಟೆಯಲ್ಲಿ ಸೋಸಿ. ಸೋಸಿದ ಪಾಕದಿಂದ ಒಂದು ಲೋಟದಷ್ಟನ್ನು ಮಾತ್ರ ಚಿಕ್ಕ ಬಾಣಲೆಗೆ ಹಾಕಿ, ನಾಲ್ಕು ಹನಿ ನಿಂಬೆರಸ ಬಿಟ್ಟು, 115 ಡಿಗ್ರಿಗೆ ಬರುವವರೆಗೆ ಕಾಯಿಸಿ. ನೀರಿನಲ್ಲಿ ಬಿಟ್ಟ ಹನಿ ಮೆತ್ತನೆಯ ಉಂಡೆಯಾಗಬೇಕು. ಒಲೆಯಿಂದ ಇಳಿಸಿ ಸೌಟಿನಿಂದ ಬಾಣಲೆಯ ಬದಿಗೆ ಉಜ್ಜುತ್ತ ತಿರುವಿ, ಹಾಲಿನಂತೆ ಬೆಳ್ಳಗಾದ ಕ್ಷಣವೇ ಅಚ್ಚಿಗೆ ಹೊಯ್ಯಿರಿ. ಹತ್ತು ನಿಮಿಷಕ್ಕೆ ಬಿಚ್ಚಬಹುದು. ನಿಂಬೆರಸ ಹೆಚ್ಚಾದರೆ ಸಕ್ಕರೆ ಒಡೆದು ಹರಳುಗಟ್ಟದೆ ಅಂಟಾಗಿಯೇ ಉಳಿಯುತ್ತದೆ. ತಿರುವುವುದು ತಡವಾದರೆ ಬಾಣಲೆಯಲ್ಲೇ ಗಟ್ಟಿಯಾಗುತ್ತದೆ, ಆಗ ಎರಡು ಚಮಚ ನೀರು ಹಾಕಿ ಮತ್ತೆ ಕಾಯಿಸಿ. ಬಿಸಿ ಪಾಕ ಚರ್ಮಕ್ಕೆ ಅಂಟಿ ಸುಡುವುದರಿಂದ ಒಲೆಯಿಂದ ಐದಡಿ ದೂರದಲ್ಲಿ ನೆಲಕ್ಕೆ ಗೆರೆ ಎಳೆದು ಮಕ್ಕಳನ್ನು ಅದರಾಚೆ ಕೂರಿಸಿ.

ಹೀಗೆ ಹೊಯ್ದ ಆನೆ, ತೇರುಗಳನ್ನು ಬೇಕಾದರೆ ಎರಡು ವಾರ ಬೀರಿನ ಹೊರಗೆ, ಪ್ರತ್ಯೇಕ ಗಾಜಿನ ಬುರುಡೆಯ ಕೆಳಗೆ ಇಡಿ. ಆಮೇಲೆ ಒಡೆದು ಹಂಚಿಬಿಡಿ.